ಪೀಪಿ ಊದುವ ಮುನ್ನ: ರಗ್ಬಿಯಲ್ಲಿ ಅಡ್ವಾಂಟೇಜ್ ಕೊಡುವುದು ಹೇಗೆ?

ದಾವಣಗೆರೆಯಲ್ಲಿ ನಾವೆಲ್ಲ ಕಬಡ್ಡಿ, ಖೋ-ಖೋ ನೋಡಿ ಬೆಳೆದವರು. ತಪ್ಪು ಕಂಡರೆ ಪೀಪಿ ಊದುವುದೇ ನಮಗೆ ರೂಢಿ. ಹೈಸ್ಕೂಲ್ ಮೈದಾನದಲ್ಲಿ ಹುಡುಗರಿಗೆ ರಗ್ಬಿ ಆಡಿಸುವಾಗ ನಾನೂ ಹಾಗೇ ಮಾಡಿದೆ. ಒಬ್ಬನ ಕೈಯಿಂದ ಚೆಂಡು ಮುಂದಕ್ಕೆ ಜಾರಿತು. ರಗ್ಬಿಯಲ್ಲಿ ಅದು ತಪ್ಪು. ಎದುರು ತಂಡದ ಹುಡುಗ ಅದನ್ನು ಎತ್ತಿಕೊಂಡು ಓಡಿದ. ಮುಂದೆ ಅಡ್ಡ ಬರುವವರೇ ಇರಲಿಲ್ಲ. ನಾನು ಊದಿಬಿಟ್ಟೆ. ಅವನು ನಿಂತು ನನ್ನ ಮುಖ ನೋಡಿದ. ತಪ್ಪು ಮಾಡಿದವರು ಉಳಿದುಕೊಂಡರು, ಇವನ ಟ್ರೈ (ಎದುರಿನವರ ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿ ಅಂಕ ಗಳಿಸುವುದು) ಹೋಯಿತು. 5 ಅಂಕ! ಆ ಮುಖ ನನಗೆ ಇನ್ನೂ ಮರೆತಿಲ್ಲ.

ಇಂಥ ಅನ್ಯಾಯ ಆಗಬಾರದು ಅಂತಲೇ ರಗ್ಬಿ ಯೂನಿಯನ್‌ನ 7ನೇ ನಿಯಮ ಇರುವುದು. ತಪ್ಪು ಮಾಡದ ತಂಡಕ್ಕೆ ಲಾಭ ಆಗುವ ಹಾಗಿದ್ದರೆ ರೆಫರಿ ಆಟ ಮುಂದುವರಿಸಬೇಕು. ಇದಕ್ಕೇ ಅಡ್ವಾಂಟೇಜ್ ಅನ್ನುವುದು.

ಮೊದಲು, ತಪ್ಪು ಯಾವ ಮಟ್ಟದ್ದು ಅಂತ ಗುರುತಿಸಿ. ಚೆಂಡು ಮುಂದಕ್ಕೆ ಬಿದ್ದರೆ ಅದು ನಾಕ್-ಆನ್, ಸಿಗುವುದು ಸ್ಕ್ರಮ್, ಅಂದರೆ ಎರಡೂ ತಂಡದವರು ಗುಂಪುಗೂಡಿ ಒಬ್ಬರನ್ನೊಬ್ಬರು ತಳ್ಳುತ್ತಾ ಚೆಂಡಿಗಾಗಿ ಹೋರಾಡಿ ಆಟ ಮತ್ತೆ ಶುರುಮಾಡುವುದು. ಆಫ್‌ಸೈಡ್ (ಇರಬಾರದ ಕಡೆ ಮುಂದೆ ನಿಂತು ಆಡುವುದು), ಎತ್ತರದ ಟ್ಯಾಕಲ್ (ಭುಜಕ್ಕಿಂತ ಮೇಲೆ ಹಿಡಿದು ಕೆಡವುವುದು) ಆದರೆ ಪೆನಾಲ್ಟಿ, ಅದರಲ್ಲಿ ಗೋಲ್ ಕಂಬಗಳ ನಡುವೆ ಒದ್ದು ಅಂಕ ಗಳಿಸಬಹುದು. ಆಮೇಲೆ ಚೆಂಡು ಯಾರ ಕೈಯಲ್ಲಿದೆ ನೋಡಿ. ತಪ್ಪು ಮಾಡದ ತಂಡದ ಕಡೆಗೆ ಸೊಂಟದ ಎತ್ತರದಲ್ಲಿ ಕೈ ಚಾಚಿ, ಸುಮಾರು 5 ಸೆಕೆಂಡು ಹಾಗೇ ಹಿಡಿಯಿರಿ. ಬಾಯಲ್ಲೂ ಹೇಳಿ: "ಅಡ್ವಾಂಟೇಜ್, ನಾಕ್-ಆನ್!" ಪೀಪಿ ಕೈಯಲ್ಲಿರಲಿ. ತುಟಿಯಲ್ಲಿದ್ದರೆ ಸುಮ್ನೆ ಊದಿಹೋಗುತ್ತದೆ.

ಕಷ್ಟ ಇರುವುದು ಇಲ್ಲಿಂದ ಮುಂದೆ. ಲಾಭ ಅಂದರೆ ಏನು? ನಿಯಮ ಎರಡು ಬಗೆ ಹೇಳುತ್ತದೆ. ಒಂದು, ನೆಲ ಸಿಗುವುದು, ಅಂದರೆ ತಂಡ ಮುಂದೆ ಸಾಗುವುದು. ಇನ್ನೊಂದು, ಚೆಂಡನ್ನು ತಮಗೆ ಬೇಕಾದ ಹಾಗೆ ಆಡಲು ಬಿಡುವು ಸಿಗುವುದು. ಬರೀ ಅವಕಾಶ ಸಿಕ್ಕರೆ ಸಾಲದು, ಲಾಭ ನಿಜಕ್ಕೂ ಕಣ್ಣಿಗೆ ಕಾಣಬೇಕು.

ನಾನು ಪ್ರತಿ ಸಲ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈಗಲೇ ಊದಿದ್ದರೆ ಇವರಿಗೆ ಏನು ಸಿಗುತ್ತಿತ್ತು? ನಾಕ್-ಆನ್ ಆದಮೇಲೆ ಚೆಂಡು ಎತ್ತಿಕೊಂಡವನು ನೆಮ್ಮದಿಯಾಗಿ ಒದ್ದು 40 ಮೀಟರ್ ದೂರ ಕಳಿಸಿದ ಅನ್ನಿ. ಸ್ಕ್ರಮ್‌ಗಿಂತ ಇದು ಜಾಸ್ತಿ. ಅಡ್ವಾಂಟೇಜ್ ಮುಗಿಯಿತು. ಅದೇ, ಮೈಮೇಲೆ ಬಿದ್ದವರ ನಡುವೆ ಹೇಗೋ ಒದ್ದರೆ ಅದು ಲಾಭ ಅಲ್ಲ, ಅಲ್ವಾ? ಇನ್ನು ಗೋಲ್ ಕಂಬದ ಎದುರು ಪೆನಾಲ್ಟಿ ಆಗಿದ್ದರೆ 3 ಅಂಕ ಹೆಚ್ಚುಕಡಿಮೆ ಕೈಯಲ್ಲೇ ಇದೆ. ಅಲ್ಲಿ ಹತ್ತು ಹೆಜ್ಜೆ ಮುಂದೆ ಹೋದರೆ ಏನೂ ಆಗಲಿಲ್ಲ. ಅದಕ್ಕೇ ಪೆನಾಲ್ಟಿಗೆ ಜಾಸ್ತಿ ಹೊತ್ತು ಕಾಯುತ್ತಾರೆ, ಸ್ಕ್ರಮ್‌ಗೆ ಕಡಿಮೆ.

ಲಾಭ ಸಿಕ್ಕಿತೋ, "ಅಡ್ವಾಂಟೇಜ್ ಓವರ್" ಅಂತ ಗಟ್ಟಿಯಾಗಿ ಕೂಗಿ. ಸಿಗುವ ಹಾಗೆ ಕಾಣದಿದ್ದರೆ ಊದಿ, ತಪ್ಪು ನಡೆದ ಜಾಗಕ್ಕೆ ಆಟ ವಾಪಸ್ ತನ್ನಿ. ಲಾಭ ಸಿಗುವ ಮುಂಚೆ ಅಡ್ವಾಂಟೇಜ್ ಪಡೆದ ತಂಡದವರೇ ಚೆಂಡು ಮುಂದಕ್ಕೆ ಬೀಳಿಸಿದರೂ ಮೊದಲಿನ ತಪ್ಪಿಗೇ ಹಿಂತಿರುಗಬೇಕು. ಮೊದಲು ತಪ್ಪು ಮಾಡಿದವರೇ ಎರಡನೇ ತಪ್ಪು ಮಾಡಿ, ಅದರಿಂದ ಲಾಭ ಸಿಗುವಂತಿಲ್ಲದಿದ್ದರೆ ಊದಿ. ಎರಡು ತಪ್ಪುಗಳಲ್ಲಿ ಯಾವುದಕ್ಕೆ ಸಿಗುವುದು ಬೇಕೆಂದು ತಪ್ಪು ಮಾಡದ ತಂಡದ ನಾಯಕ ಆರಿಸಿಕೊಳ್ಳುತ್ತಾನೆ.

ಕೆಲವು ಕಡೆ ಮಾತ್ರ ಕಾಯಲೇಬೇಡಿ. ಯಾರಿಗಾದರೂ ಗಂಭೀರ ಪೆಟ್ಟಾಗಿರಬಹುದು ಅನ್ನಿಸಿದರೆ, ಆಟ ಮುಂದುವರಿದರೆ ಅಪಾಯ ಅನ್ನಿಸಿದರೆ, ತಕ್ಷಣ ಊದಿ. ಟ್ರೈ ಎದುರಿಗೇ ಇರಲಿ, ಅದಕ್ಕಿಂತ ಹುಡುಗನ ಕುತ್ತಿಗೆ ಮುಖ್ಯ. ಸ್ಕ್ರಮ್ 90 ಡಿಗ್ರಿಗಿಂತ ಜಾಸ್ತಿ ತಿರುಗಿದರೂ ಅಡ್ವಾಂಟೇಜ್ ಇಲ್ಲ.

2025ರ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಆಡಿದ್ದು ತಂಡಕ್ಕೆ 7 ಜನರ ಆಟ. 15 ಜನರ ಆಟಕ್ಕೂ ಅದಕ್ಕೂ ಈ ನಿಯಮ ಒಂದೇ. ಅಂಥ ಪಂದ್ಯದ ವಿಡಿಯೊ ಹಾಕಿಕೊಳ್ಳಿ. ಚೆಂಡನ್ನು ಬಿಟ್ಟು ರೆಫರಿಯ ಕೈ ನೋಡಿ. ಕೈ ಎದ್ದಾಗ ವಿಡಿಯೊ ನಿಲ್ಲಿಸಿ, ನೀವಾಗಿದ್ದರೆ ಊದುತ್ತಿದ್ದಿರೋ ಕಾಯುತ್ತಿದ್ದಿರೋ ಅಂತ ಜೋರಾಗಿ ಹೇಳಿ. ಆಮೇಲೆ ಮುಂದೆ ಓಡಿಸಿ.