ಹಗ್ಗ ತನ್ನಿ, ಕಪಾಟು ಕೊಂಡುಹೋಗಿ

ಹಳೆ ಸಾಮಾನು ಪುಕ್ಕಟೆ ಕೊಡುವುದಕ್ಕೂ ಒಂದು ಕ್ರಮ ಬೇಕಾ ಎಂದು ನಕ್ಕವರೇ ಹೆಚ್ಚು. ನಮ್ಮ ಮನೆಯವರಂತೂ ಮೊದಲ ಆರು ತಿಂಗಳು "ಗುಜರಿಯವನಿಗೆ ಒಂದು ಫೋನ್ ಮಾಡಿದರೆ ಮುಗಿಯಿತು, ನಿನಗೆ ಯಾಕೆ ಈ ಮಂಡೆಬಿಸಿ?" ಎಂದು ಹೇಳಿದ್ದೇ ಹೇಳಿದ್ದು. ಈಗ ಅವರೇ ಭಾನುವಾರ ಬೆಳಿಗ್ಗೆ ಟೇಪು ಹಿಡಿದುಕೊಂಡು ಯಾರದೋ ಮನೆಯ ಮಂಚ ಅಳೆಯಲಿಕ್ಕೆ ಹೊರಡುತ್ತಾರೆ. ನಮ್ಮದು ಉಡುಪಿಯ ಕುಂಜಿಬೆಟ್ಟು. ಸಾಮಾನು ಪುಕ್ಕಟೆ ಕೊಡುವ ನಮ್ಮ ವಾಟ್ಸ್ಆ್ಯಪ್ ಗುಂಪಿನ ಗಡಿ ಈ ಕಡೆ ಸಂತೆಕಟ್ಟೆ, ಆ ಕಡೆ ಕಟಪಾಡಿ, ಗುಡ್ಡ ಹತ್ತಿದರೆ ಪರ್ಕಳ. ಎರಡು ವರ್ಷದಲ್ಲಿ ಅಂದಾಜು 700 ಸಾಮಾನು ಕೈ ಬದಲಾಗಿದೆ. ಲೆಕ್ಕ ಬರೆದಿಟ್ಟಿಲ್ಲ, ಸ್ವಲ್ಪ ಆಚೀಚೆ ಇದ್ದೀತು.

ವಾಟ್ಸ್ಆ್ಯಪ್ ಗುಂಪು ನಡೆಸುವುದು ಹೇಗೆ ಎಂದು ಇದನ್ನು ಓದುವವರಿಗೆ ಹೇಳಬೇಕಾಗಿಲ್ಲ. ನನಗೆ ಎಲ್ಲಿ ಸಿಕ್ಕಿಬಿತ್ತು, ಎಲ್ಲಿ ಬಿಡಿಸಿಕೊಂಡಿತು, ಅಷ್ಟೇ ಹೇಳುತ್ತೇನೆ.

ಶುರುವಾದದ್ದು ಕಲ್ಯಾಣಪುರದ ಅತ್ತೆ ಮನೆ ಖಾಲಿ ಮಾಡುವಾಗ. ಗುಜರಿಯವನು ಬಂದು ಕಬ್ಬಿಣಕ್ಕೆ ಕೆಜಿಗೆ 25 ರೂಪಾಯಿ ಎಂದ, ಎಳೆದಾಡಿದ ಮೇಲೆ 28. ಮರದ ಸಾಮಾನು ಕಣ್ಣೆತ್ತಿ ನೋಡಲಿಲ್ಲ. ಅದನ್ನು ಹೊತ್ತು ಎಸೆಯುವುದಕ್ಕೆ ಟೆಂಪೋದವನು ಕೇಳಿದ್ದು ಆಳು ಸೇರಿ 1,500ದ ಆಸುಪಾಸು. ಕೊಡುವುದಕ್ಕೂ ನಾವೇ ದುಡ್ಡು ಕೊಡಬೇಕು ಎಂದರೆ ಹೊಟ್ಟೆ ಉರಿಯುವುದಿಲ್ಲವಾ? ತಾಮ್ರದ ಹಂಡೆಯನ್ನೂ ದಾನ ಮಾಡಿದೆನಾ ಎಂದು ಕೇಳಬೇಡಿ. ಅಷ್ಟು ಧರ್ಮಾತ್ಮಳಲ್ಲ, ಅದು ನಮ್ಮ ಮನೆಯಲ್ಲೇ ಉಂಟು.

ಮಾರುವ ಆಪಿನಲ್ಲಿ ಹಾಕಿ ನೋಡಿದ್ದೂ ಆಯಿತು. ಅಲ್ಲಿ ಬಂದವರಲ್ಲಿ ಅರ್ಧ ಜನ "ಹಣ ಕಳಿಸ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಎನ್ನುವ ಜಾತಿ. ಹಣ ಬರುವುದಕ್ಕೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ, ಅದು ನಿಮಗೆ ಗೊತ್ತಿದೆ. ಕೆಳಗಿನ ಮನೆಯವರಿಗೆ ಗೊತ್ತಿರಲಿಲ್ಲ. ಹಳೆ ಫ್ರಿಜ್ ಮಾರಲಿಕ್ಕೆ ಹೋಗಿ ಐದು ಸಾವಿರ ಚಿಲ್ಲರೆ ಹೋಯಿತು, ಫ್ರಿಜ್ ಅಲ್ಲೇ ಉಳಿಯಿತು.

ಹಾಗೆ ಗುಂಪು ಮಾಡಿ "ಉಚಿತ, ಬೇಕಾದವರು ತಿಳಿಸಿ" ಎಂದು ಹಾಕಿದರೆ ಹತ್ತು ನಿಮಿಷದಲ್ಲಿ ನಲವತ್ತು ಕೈ ಎದ್ದವು. ಪುಕ್ಕಟೆ ಸಿಕ್ಕಿದರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಮಾತು ಸುಳ್ಳಲ್ಲ. ಆದರೆ ಬಂದು ಕೊಂಡುಹೋಗುವವರು? ಮೊದಲು ಬರೆದವನಿಗೆ ಮಂಚ ಎಂದು ಹೇಳಿದೆವು. ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ, ಅಣ್ಣನ ಪಿಕಪ್ ಸಿಗಲಿಲ್ಲ, ಮಳೆ. ಅಷ್ಟರಲ್ಲಿ ಉಳಿದ ಮೂವತ್ತೊಂಬತ್ತು ಜನಕ್ಕೆ ಸಿಟ್ಟು ಬಂದಾಗಿತ್ತು. ಕೊನೆಗೆ ನಾವೇ ಟೆಂಪೋ ಮಾಡಿ ಮುಟ್ಟಿಸಿದ್ದೂ ಉಂಟು, ಒಂದು ಬಾಡಿಗೆಗೆ 600-700 ರೂಪಾಯಿ. ಮೊದಲ ವರ್ಷ ಹೀಗೆ ಕೈಯಿಂದ ಹೋದದ್ದು ಏಳೆಂಟು ಸಾವಿರ ಇರಬಹುದು. ನಮ್ಮ ಮನೆಯವರು ಈ ಲೆಕ್ಕವನ್ನು ಮಾತ್ರ ಸರಿಯಾಗಿ ನೆನಪಿಟ್ಟುಕೊಂಡಿದ್ದಾರೆ.

ಕೆಲಸಕ್ಕೆ ಬಂದದ್ದು ಹಗ್ಗ. ಒಂದು ಕಬ್ಬಿಣದ ಕಪಾಟು ಹಾಕುವಾಗ, ನಮ್ಮಲ್ಲಿ ಕಟ್ಟಲಿಕ್ಕೆ ಏನೂ ಇಲ್ಲದ್ದರಿಂದ, "ಬರುವಾಗ ಹತ್ತು ಮೀಟರ್ ಹಗ್ಗ, ಎರಡು ಗೋಣಿ, ಹೊರಲಿಕ್ಕೆ ಇನ್ನೊಬ್ಬರು ಬೇಕು. ಹಗ್ಗ ಉಂಟು ಎಂದು ಬರೆದವರಿಗೆ ಮಾತ್ರ ಉತ್ತರ" ಎಂದು ಸೇರಿಸಿದೆ. ನಲವತ್ತು ಕೈ ಇದ್ದಲ್ಲಿ ಆರೇಳು ಉಳಿಯಿತು. ಅದರಲ್ಲಿ ಒಬ್ಬರು ಇಂದ್ರಾಳಿಯವರು, "ಹಗ್ಗ ಉಂಟು, ಗೋಣಿ ಒಂದೇ ಉಂಟು, ಹಳೆ ಬೆಡ್‌ಶೀಟ್ ಆದೀತಾ ಅಕ್ಕಾ?" ಎಂದು ಕೇಳಿದರು. ಅವರಿಗೇ ಕೊಟ್ಟೆ. ಹೇಳಿದ ಹೊತ್ತಿಗೆ ಕಾಲು ಗಂಟೆ ಮೊದಲೇ ಬಂದಿದ್ದರು.

ಹಗ್ಗದ ಬಗ್ಗೆ ಯೋಚನೆ ಮಾಡಿದವನು ಗಾಡಿಯ ಬಗ್ಗೆ ಯೋಚನೆ ಮಾಡಿರುತ್ತಾನೆ, ಇಡುವ ಜಾಗದ ಬಗ್ಗೆ ಹೆಂಡತಿಯ ಹತ್ತಿರ ಮಾತಾಡಿರುತ್ತಾನೆ. ಸುಮ್ಮನೆ ಕೈ ಎತ್ತಿದವನಿಗೆ ಅದು ಯಾವುದೂ ಆಗಿರುವುದಿಲ್ಲ. ಹಾಗಾಗಿ ಈಗ ಪ್ರತಿ ಸಾಮಾನಿಗೂ ಒಂದು "ಹಗ್ಗ" ಇಟ್ಟಿರುತ್ತೇನೆ. ಮಿಕ್ಸಿಗೆ ಅದು ರಟ್ಟಿನ ಪೆಟ್ಟಿಗೆ. ಪುಸ್ತಕಕ್ಕೆ ಬಟ್ಟೆ ಚೀಲ. ಸೇಮಿಗೆ ಒತ್ತುವ ಮಣೆಗೆ ಏನು ಕೇಳುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಗುಂಪಿನವರೂ ಇದನ್ನು ಓದುತ್ತಾರೆ. ಮೊದಲು ಎರಡರಲ್ಲಿ ಒಬ್ಬರು ಬರುತ್ತಿರಲಿಲ್ಲ. ಈಗ ಹತ್ತರಲ್ಲಿ ಒಬ್ಬರು ಕೈಕೊಟ್ಟರೆ ಹೆಚ್ಚು.

ಇದರ ಜೊತೆ ಗುಂಪನ್ನು ಅಡ್ಮಿನ್ ಮಾತ್ರ ಬರೆಯುವ ಹಾಗೆ ಮಾಡಿದೆ. ಬೇಕಾದವರು ನನಗೆ ಖಾಸಗಿಯಾಗಿ ಬರೆಯಬೇಕು. "ಸರ್ವಾಧಿಕಾರಿ" ಎಂದು ಒಂದಿಬ್ಬರು ಬಿಟ್ಟುಹೋದರು, ಗುಡ್ ಮಾರ್ನಿಂಗ್ ಚಿತ್ರಗಳೂ ಅವರ ಜೊತೆ ಹೋದವು. ವಾಟ್ಸ್ಆ್ಯಪ್ 2022ರಲ್ಲಿ ಗುಂಪಿನ ಮಿತಿಯನ್ನು 256ರಿಂದ 512ಕ್ಕೆ, ಅದೇ ವರ್ಷ 1024ಕ್ಕೆ ಏರಿಸಿತು. ಜಾಗ ಉಂಟು ಎಂದು ತುಂಬಿಸುವವರನ್ನು ನೋಡಿದ್ದೇನೆ. ನಾನು 400ರ ಹತ್ತಿರ ನಿಲ್ಲಿಸಿದೆ. ವರ್ಷವಿಡೀ ಕೊಡದೆ, ಕೇಳದೆ ಕೂತವರನ್ನು ದೀಪಾವಳಿ ಕಳೆದ ಮೇಲೆ ತೆಗೆಯುತ್ತೇನೆ.

ಫೋಟೋದ ವಿಷಯ. ಮೊದಲ ಫೋಟೋ ಯಾವಾಗಲೂ ದೋಷದ್ದು. ತುಕ್ಕು ಹಿಡಿದ ಕಾಲು, ಒರಲೆ ತಿಂದ ಮೂಲೆ, ಬಾಗಿಲು ಮುಚ್ಚದ ಕಪಾಟು. ಚೆಂದದ ಬದಿ ಆಮೇಲೆ. ಬಂದು ನೋಡಿ ಮುಖ ಸಣ್ಣ ಮಾಡಿಕೊಂಡು ವಾಪಸು ಹೋಗುವ ರಗಳೆ ಇದರಿಂದ ತಪ್ಪಿತು. ಅಳತೆ ಬರೆಯಲೇಬೇಕು, ಅದೂ ಇಂಚಿನಲ್ಲಿ. ನಮ್ಮ ಹಳೆ ಮನೆಗಳ ಒಳಬಾಗಿಲು ಎರಡೂವರೆ ಅಡಿ ದಾಟುವುದು ಅಪರೂಪ. ಎಷ್ಟನೇ ಮಹಡಿ, ಲಿಫ್ಟ್ ಉಂಟಾ, ಗೇಟಿನವರೆಗೆ ಗಾಡಿ ಬರುತ್ತದಾ, ಇಷ್ಟು ಇಲ್ಲದ ಪೋಸ್ಟನ್ನು ನಾನು ಹಾಕುವುದಿಲ್ಲ.

ಸಾಮಾನು ಪುಕ್ಕಟೆ ಕೊಡುವ ಅಮೆರಿಕದ ಬೈ ನಥಿಂಗ್ ಗುಂಪುಗಳನ್ನು ನೋಡಿ ಕಲಿಯಿರಿ ಎಂದು ಮಣಿಪಾಲದ ಮೇಷ್ಟ್ರೊಬ್ಬರು ಹೇಳಿದ್ದರು. 2013ರಲ್ಲಿ ವಾಷಿಂಗ್ಟನ್ ರಾಜ್ಯದ ಬೈನ್‌ಬ್ರಿಜ್ ದ್ವೀಪದಲ್ಲಿ ಇಬ್ಬರು ಹೆಂಗಸರು ಶುರು ಮಾಡಿದ್ದು ಅದು. ಅದಕ್ಕೂ ಹತ್ತು ವರ್ಷ ಮೊದಲು ಅರಿಜೋನಾದ ಟೂಸಾನ್‌ನಲ್ಲಿ ಇಂಥದ್ದೇ ಫ್ರೀಸೈಕಲ್ ಹುಟ್ಟಿತ್ತು. ಬೈ ನಥಿಂಗಿನವರ ಕ್ರಮದಲ್ಲಿ ನೆರೆಕರೆಯವರೇ ನೆರೆಕರೆಯವರಿಗೆ ಕೊಡಬೇಕು, ಪಡೆದವರು ಎಲ್ಲರೆದುರು ಧನ್ಯವಾದ ಬರೆಯಬೇಕು. ಮಾರಾಯ್ರೆ, ಉಡುಪಿಯಲ್ಲಿ ಇದು ನಡೆಯುವ ಮಾತಲ್ಲ. ಒಂದೇ ಅಪಾರ್ಟ್‌ಮೆಂಟಿನಲ್ಲಿ ಮೂರನೇ ಮಹಡಿಯವರ ಸೋಫಾ ಒಂದನೇ ಮಹಡಿಯವರು ತೆಗೆದುಕೊಂಡರೆ ಮತ್ತೆ ಲಿಫ್ಟಿನಲ್ಲಿ ಮುಖ ನೋಡುವುದು ಹೇಗೆ? ಸಾಮಾನು ಮೂರು ನಾಲ್ಕು ಕಿಲೋಮೀಟರ್ ಆದರೂ ದೂರ ಹೋಗಬೇಕು. ಕೊಡುವವರ ಹೆಸರು ತೆಗೆದುಕೊಳ್ಳುವವರಿಗೆ ಗೊತ್ತಾಗುವುದು ಗೇಟಿಗೆ ಬಂದ ಮೇಲೆಯೇ, ತೆಗೆದುಕೊಂಡವರ ಹೆಸರು ಗುಂಪಿಗೆ ಗೊತ್ತಾಗುವುದೇ ಇಲ್ಲ. ಧನ್ಯವಾದದ ಫೋಟೋ ನಿಷೇಧ. ಈ ನಿಯಮ ತಂದ ಮೇಲೆ ಕೇಳುವವರು ಏಕ್‌ದಮ್ ಹೆಚ್ಚಾದರು, ಅದರಲ್ಲೂ ಮಧ್ಯಮ ವರ್ಗದವರು.

ತೆಗೆದುಕೊಂಡು ಹೋಗಿ ಮಾರುವವರೂ ಇದ್ದಾರೆ. ಒಂದೆರಡು ಸಲ ಆದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಹೊತ್ತದ್ದಕ್ಕೆ ಕೂಲಿ ಎಂದುಕೊಳ್ಳುತ್ತೇನೆ. ಅದನ್ನೇ ಕಸುಬು ಮಾಡಿಕೊಂಡವರನ್ನು ಕಂಡುಹಿಡಿಯುವ ಉಪಾಯ ಉಂಟು, ಅದೂ ನನ್ನ ಹತ್ತಿರವೇ ಇರಲಿ.

ಕಾಲ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೆತ್ತನೆಯ ಸಾಮಾನು ಯಾವುದೂ ಬೇಡ. ಪ್ಲೈವುಡ್ ಉಬ್ಬುತ್ತದೆ, ಸೋಫಾ ಬೂಷ್ಟು ಹಿಡಿಯುತ್ತದೆ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ತುಳು ತಿಂಗಳಿನಲ್ಲಿ, ದೊಡ್ಡ ಸಾಮಾನು ಮನೆಗೆ ತರಲಿಕ್ಕೆ ಹಿರಿಯರು ಒಪ್ಪುವುದಿಲ್ಲ, "ಆಟಿ ಕಳೆಯಲಿ" ಎನ್ನುತ್ತಾರೆ. ಶನಿವಾರ ಕಬ್ಬಿಣ ಹೊರಗೆ ಕೊಡಬಹುದು, ಒಳಗೆ ತರುವವರು ಸಿಗುವುದಿಲ್ಲ. ಕತ್ತಿ, ಮೆಟ್ಟುಕತ್ತಿ ಪುಕ್ಕಟೆ ಕೊಡಬಾರದಂತೆ, ಹಾಗಾಗಿ ಒಂದು ರೂಪಾಯಿ ತೆಗೆದುಕೊಳ್ಳುತ್ತೇವೆ. ಗುಂಪಿನ ಒಟ್ಟು ಆದಾಯ ಅಷ್ಟೇ. ಕೃಷ್ಣ ಮಠದ ಪೂಜೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯದ ವರ್ಷ ಜನವರಿ 18ರ ಆಚೀಚೆ ಒಂದು ವಾರ ಯಾರಿಗೂ ಟೆಂಪೋ ಸಿಗುವುದಿಲ್ಲ, ಸುಮ್ಮನೆ ಕೂರುವುದು ಒಳ್ಳೆಯದು. ದೀಪಾವಳಿಯಿಂದ ಏಪ್ರಿಲ್‌ನ ಬಿಸು ಹಬ್ಬದವರೆಗೆ ನಮ್ಮ ಸೀಸನ್.

ಮಣಿಪಾಲದ ವಿದ್ಯಾರ್ಥಿಗಳದ್ದೇ ಬೇರೆ ಕಥೆ. ಮೇ-ಜೂನ್‌ನಲ್ಲಿ ಕೋರ್ಸು ಮುಗಿದವರು ಹಾಸಿಗೆ, ಬಕೆಟು, ಓದುವ ಮೇಜು, ಕೆಟಲ್, ಸೈಕಲ್ ಎಲ್ಲ ಬಿಟ್ಟು ಓಡುತ್ತಾರೆ. ಹೊಸಬರು ಬರುವುದು ಜುಲೈ-ಆಗಸ್ಟಿನಲ್ಲಿ. ನಡುವಿನ ಎರಡು ತಿಂಗಳು ಸಾಮಾನು ಎಲ್ಲಿಡುವುದು? ಒಬ್ಬರ ಕಾರು ಶೆಡ್ಡಿನಲ್ಲಿ ಇಪ್ಪತ್ತೋ ಇಪ್ಪತ್ತೈದೋ ಹಾಸಿಗೆ ಪೇರಿಸಿದೆವು, ಟಾರ್ಪಾಲಿಗೇ ಎರಡು ಸಾವಿರ ಹೋಯಿತು. ಜುಲೈನಲ್ಲಿ ಬಿಚ್ಚಿದರೆ ಹಸಿರು, ಕಪ್ಪು, ಎಲ್ಲ ಬಣ್ಣದ ಬೂಷ್ಟು. ಪೂರ್ತಿ ಲಗಾಡಿ. 2019ರ ಆಗಸ್ಟಿನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರ ಎಂಬ ಊರಿನ ತೋಟ, ಮನೆಗಳ ಮೇಲೆ ಬಂದದ್ದು ನೋಡಿದ ಮೇಲೆ ಹಾಸಿಗೆಯನ್ನು ಕಸಕ್ಕೆ ಹಾಕಲಿಕ್ಕೆ ಕೈ ಬರುವುದಿಲ್ಲ, ಆದರೂ ಆವತ್ತು ಹಾಕಬೇಕಾಯಿತು. ಮುಂದಿನ ವರ್ಷ ಶೆಡ್ಡು ಬಿಟ್ಟು ಪಿಜಿ ಮಾಲಕರನ್ನು ಹಿಡಿದೆವು. ಸಾಮಾನು ಕೋಣೆಯಲ್ಲೇ ಇರಲಿ, ಹೊಸಬರಿಗೆ ಅಲ್ಲೇ ಕೊಡಿ, ಬಾಡಿಗೆಗೆ ಸೇರಿಸಬೇಡಿ ಎಂದು ಒಪ್ಪಿಸಿದೆವು. ಈಶ್ವರನಗರದ ನಾಲ್ಕೈದು ಜನ ಮಾತು ಉಳಿಸಿಕೊಂಡರು. ಒಬ್ಬರು ಬಾಡಿಗೆ ಏರಿಸಿದರು.

ಇದರ ನಡುವೆ ಒಂದು ತಮಾಷೆಯ ಪ್ರಯೋಗ. ಒಂದೇ ರೀತಿಯ ಪ್ಲಾಸ್ಟಿಕ್ ಕುರ್ಚಿಗಳನ್ನು ಮೂರು ಪಾಲು ಮಾಡಿ ಒಂದನ್ನು ಇಂಗ್ಲಿಷಿನಲ್ಲಿ, ಒಂದನ್ನು ಕನ್ನಡದಲ್ಲಿ, ಇನ್ನೊಂದನ್ನು "ಏರೆಗಾಂಡ್ಲಾ ಬೋಡಾ?" (ಯಾರಿಗಾದರೂ ಬೇಕಾ?) ಎಂದು ತುಳುವಿನಲ್ಲಿ ಧ್ವನಿ ಮುದ್ರಿಸಿ ಹಾಕಿದೆ. ಇಂಗ್ಲಿಷಿಗೆ ಬಂದವರು ಪ್ರಶ್ನೆ ಕೇಳಿದರು, ಕನ್ನಡಕ್ಕೆ ಬಂದವರು ಸಮಯ ಕೇಳಿದರು, ತುಳು ಕೇಳಿದವರು ಸೀದಾ ರಿಕ್ಷಾ ತೆಗೆದುಕೊಂಡು ಬಂದರು. ಆವತ್ತಿನಿಂದ ಭಾರದ ಸಾಮಾನಿಗೆಲ್ಲ ತುಳು ಧ್ವನಿ ಕಡ್ಡಾಯ. ಅತ್ತೆ ಮನೆಯ ಕಡೆಯುವ ಕಲ್ಲು ಹೋದದ್ದು ಹಾಗೆಯೇ, ಮಲ್ಪೆಗೆ.

ಹೋಗದ ಸಾಮಾನು ಯಾವುದು ಎಂದು ಕೇಳುತ್ತಾರೆ. ಪೆಟ್ಟಿಗೆ ಟಿವಿ. ಗುಜರಿಯವರು ಕೆಲವರು ತಾಮ್ರದ ಸುರುಳಿ ಬಿಚ್ಚಿಕೊಂಡು ಗಾಜನ್ನು ತೋಡಿಗೆ ಎಸೆಯುತ್ತಾರೆ, ಆ ಗಾಜಿನಲ್ಲಿ ಸೀಸ ಉಂಟು. ಹಾಗಾಗಿ ಅದನ್ನು ಗುಂಪಿಗೆ ಹಾಕುವುದೇ ಇಲ್ಲ, ಇ-ತ್ಯಾಜ್ಯ ತೆಗೆದುಕೊಳ್ಳುವವರು ಬಂದಾಗ ಒಟ್ಟಿಗೆ ಕಳಿಸುತ್ತೇವೆ. ದೇವರ ಫೋಟೋ ಯಾರೂ ಮುಟ್ಟುವುದಿಲ್ಲ, ಅಶ್ವತ್ಥಕಟ್ಟೆಯಲ್ಲಿ ಇಟ್ಟು ಬರುತ್ತಾರೆ. ನಾವು ಕಟ್ಟು ಬಿಚ್ಚಿ ಗಾಜು, ಚೌಕಟ್ಟು ಬೇರೆ ಮಾಡಿ ಫ್ರೇಮಿನ ಅಂಗಡಿಗೆ ಕೊಟ್ಟೆವು. ಕಾಗದವನ್ನು ನೆನೆಸಿ ತುಳಸಿ ಬುಡಕ್ಕೆ. ಮಿರುಗುವ ಪ್ಲಾಸ್ಟಿಕ್ ಹಾಳೆಯದ್ದು ಕರಗುವುದಿಲ್ಲ, ಅದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ.

ಹಿರಿಯರು ತೀರಿಕೊಂಡ ಮಂಚವೂ ಹಾಗೆಯೇ. ಒಂದು ಮನೆಯವರು ಮುಚ್ಚಿಡದೆ ಅದನ್ನು ಬರೆದೇ ಹಾಕಿ ಎಂದರು. ಎರಡು ತಿಂಗಳು ಒಂದೇ ಒಂದು ಸಂದೇಶವಿಲ್ಲ. ಕೊನೆಗೆ ಬಡಗಿಯೊಬ್ಬರು ಬಂದು ತೇಗದ ಹಲಗೆ ಬಿಚ್ಚಿಕೊಂಡು ಹೋದರು, ಬೆಂಚು ಮಾಡಿದರಂತೆ. ತೊಟ್ಟಿಲು ತದ್ವಿರುದ್ಧ. "ಮಕ್ಕಳು ಆರೋಗ್ಯವಾಗಿ ಬೆಳೆದ ತೊಟ್ಟಿಲು" ಎಂದು ಒಂದು ಸಾಲು ಬರೆದರೆ ಹೊಸ ತೊಟ್ಟಿಲು ಕೊಳ್ಳುವ ಶಕ್ತಿ ಇದ್ದವರೂ ಸಾಲು ನಿಲ್ಲುತ್ತಾರೆ. ವಾಕರ್, ಕಮೋಡ್ ಕುರ್ಚಿ, ಗಾಳಿಯ ಹಾಸಿಗೆ ಒಂದು ಗಂಟೆ ನಿಲ್ಲುವುದಿಲ್ಲ. ಅವನ್ನು ಪೂರ್ತಿ ಕೊಡಬೇಡಿ, ಕೆಲಸ ಮುಗಿದ ಮೇಲೆ ವಾಪಸು ಎಂದು ಹೇಳಿ ಕೊಡಿ. ನಮ್ಮ ಒಂದು ಕಮೋಡ್ ಕುರ್ಚಿ ಈಗ ಆರನೆಯದೋ ಏಳನೆಯದೋ ಮನೆಯಲ್ಲಿ ಉಂಟು.

ಎರಡು ವಿಷಯ ಗಟ್ಟಿ ನೆನಪಿರಲಿ. ಗ್ಯಾಸ್ ಒಲೆ ಕೊಡಬಹುದು. ಸಿಲಿಂಡರ್, ರೆಗ್ಯುಲೇಟರ್ ಕೊಡುವ ಹಾಗಿಲ್ಲ, ಅದು ಕಂಪನಿಯದ್ದು. ಏಜೆನ್ಸಿಗೆ ವಾಪಸು ಕೊಟ್ಟರೆ ಠೇವಣಿ ಬರುತ್ತದೆ. ರಬ್ಬರ್ ಪೈಪಿನ ಮೇಲೆ ತಾರೀಕು ಇರುತ್ತದೆ, ಹಳತಾಗಿದ್ದರೆ ಕತ್ತರಿಸಿಯೇ ಬಿಸಾಡಿ. ಇನ್ನು ಫೋನ್. ಗೂಗಲ್ ಖಾತೆ ತೆಗೆಯದೆ ಬಟನ್ ಒತ್ತಿ ರೀಸೆಟ್ ಹೊಡೆದರೆ ಪಡೆದವರಿಗೆ ಅದು ತೆರೆಯುವುದೇ ಇಲ್ಲ, ಮತ್ತೆ ನಿಮ್ಮ ಮನೆ ಬಾಗಿಲಿಗೇ ಬರುತ್ತಾರೆ.

ಈಗ ಖರ್ಚು ಎಷ್ಟು ಎಂದರೆ, ನನ್ನ ಕೈಯಿಂದ ಒಂದು ರೂಪಾಯಿ ಇಲ್ಲ, ದಿನಕ್ಕೆ ಅರ್ಧ ಗಂಟೆ ಹೋಗುತ್ತದೆ. ಕುಂದಾಪುರದವರು, ಕಾರ್ಕಳದವರು ನಮ್ಮನ್ನೂ ಸೇರಿಸಿಕೊಳ್ಳಿ ಎಂದು ಬರೆಯುತ್ತಾ ಇದ್ದಾರೆ. ಸೇರಿಸುವುದಿಲ್ಲ. ನಲವತ್ತು ಕಿಲೋಮೀಟರ್ ದೂರದಿಂದ ಮಂಚಕ್ಕೆ ಬರುತ್ತೇನೆ ಎಂದವನು ಬರುವುದಿಲ್ಲ. ನಿಮ್ಮದೇ ಒಂದು ಮಾಡಿ, ನಾನು ಬರೆಯುವ ಪೋಸ್ಟಿನ ನಮೂನೆ ಕಳಿಸಿಕೊಡುತ್ತೇನೆ. ಮೊದಲ ತಿಂಗಳು ದೊಡ್ಡ ಸಾಮಾನು ಹಾಕಬೇಡಿ, ಕುಕ್ಕರ್, ಛತ್ರಿ, ಶಾಲೆಯ ಚೀಲ ಸಾಕು.