ನನ್ನ ಮುಖ ಉತ್ತರ ಹೇಳುವುದನ್ನು ನಿಲ್ಲಿಸಿದ ಮೇಲೆ

ಗಣಿತದ ತರಗತಿಯಲ್ಲಿ ಮಕ್ಕಳು ಉತ್ತರಿಸುವಾಗ ತಲೆಯಾಡಿಸುವುದನ್ನೇ ಬಿಡುತ್ತೇನೆಂದು ನಾನು ಹೇಳಿದಾಗ, ಶ್ರೀರಾಮಪುರದ ನಮ್ಮ ಅನುದಾನಿತ ಪ್ರೌಢಶಾಲೆಯಲ್ಲಿ ಯಾರೂ ಅದನ್ನು ಒಪ್ಪಲಿಲ್ಲ. “ಮೇಷ್ಟ್ರೇ, ಮೊದಲು ಸಿಲಬಸ್ ಮುಗಿಸಿ” ಎಂದಿದ್ದ ಹಿರಿಯ ಸಹೋದ್ಯೋಗಿಯೇ ಈ ಸಲದ ರೂಪಣಾತ್ಮಕ ಮೌಲ್ಯಮಾಪನದ (ವರ್ಷದ ನಡುವೆ ಕಲಿಕೆಯನ್ನು ಅಳೆಯುವ ಪರೀಕ್ಷೆಯ) ನಂತರ ನನ್ನ ಒಂಬತ್ತನೇ ತರಗತಿಯ ಕೊನೆಯ ಬೆಂಚಿನಲ್ಲಿ ಬಂದು ಕುಳಿತು ನೋಡಿದರು.

ಅದಕ್ಕೂ ಮೊದಲು ದೇಹಭಾಷೆಯ ಖಾಸಗಿ ತರಬೇತಿಯೊಂದಕ್ಕೆ ಸುಮಾರು 6,000 ರೂಪಾಯಿ ಕಟ್ಟಿದ್ದೆ. ಎದೆಯೆತ್ತಿ ನಿಲ್ಲಿ, ನಗುತ್ತಿರಿ ಎಂಬುದರಾಚೆ ಅಲ್ಲಿ ಏನೂ ಸಿಗಲಿಲ್ಲ. ಉಪಯೋಗಕ್ಕೆ ಬಂದದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನಾನೂರು ರೂಪಾಯಿಯ ಆಸುಪಾಸಿನಲ್ಲಿ ಕೊಂಡ ಮೊಬೈಲ್ ಸ್ಟ್ಯಾಂಡ್. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ನಾನೊಬ್ಬನೇ ಕಾಣುವಂತೆ ಪಾಠವನ್ನು ಚಿತ್ರೀಕರಿಸಿ, ಧ್ವನಿ ಮುಚ್ಚಿ ನೋಡಿದೆ. ಉತ್ತರ ಸರಿಯಿದ್ದರೆ ಮಗು ಮಾತು ಮುಗಿಸುವ ಮೊದಲೇ ನನ್ನ ಹುಬ್ಬು ಏರುತ್ತಿತ್ತು. ತಪ್ಪಿದ್ದರೆ ಕೈ ಡಸ್ಟರಿನತ್ತ ಹೋಗುತ್ತಿತ್ತು. ಲೆಕ್ಕ ಮಾಡುತ್ತಿದೆಯೆಂದು ಜನ ನಂಬಿದ್ದ ಹ್ಯಾನ್ಸ್ ಎಂಬ ಕುದುರೆ ಪ್ರಶ್ನೆ ಕೇಳುವವರ ಸೂಕ್ಷ್ಮ ಚಲನೆಯನ್ನಷ್ಟೇ ಗಮನಿಸುತ್ತಿತ್ತೆಂದು ಜರ್ಮನಿಯ ಮನೋವಿಜ್ಞಾನಿ ಆಸ್ಕರ್ ಫುಂಗ್ಸ್ಟ್ 1907ರಲ್ಲೇ ತೋರಿಸಿದ್ದರು. ನನ್ನ ಮಕ್ಕಳಿಗೂ ಹಲಗೆಗಿಂತ ನನ್ನ ಮುಖವೇ ಹೆಚ್ಚು ನೆರವಾಗುತ್ತಿತ್ತು.

ಮುಖವನ್ನು ಬಿಗಿಹಿಡಿದು ನಿಂತ ಮೊದಲ ವಾರಗಳು ಪೂರ್ತಿ ವಿಫಲವಾದವು. ಮೇಷ್ಟ್ರಿಗೆ ಸಿಟ್ಟು ಬಂದಿದೆಯೆಂದು ತಿಳಿದು ಕೈ ಎತ್ತುತ್ತಿದ್ದವರೂ ಸುಮ್ಮನಾದರು. ಆಮೇಲೆ ಹಲಗೆಯ ಪಕ್ಕಕ್ಕೆ ಸರಿದು, ಅಂಗೈ ಬಿಚ್ಚಿಟ್ಟು, ಮಗುವಿನ ಬದಲು ಲೆಕ್ಕವನ್ನೇ ನೋಡುತ್ತಾ ಕಾಯಲು ಆರಂಭಿಸಿದೆ. ಬೆಂಚುಗಳು ಮತ್ತೆ ಮಾತಾಡತೊಡಗಿದವು. ಪ್ರಶ್ನೆಯ ನಂತರ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಉತ್ತರಗಳು ದೀರ್ಘವಾಗುತ್ತವೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಕಂಡುಕೊಂಡಿದ್ದರು. ನಮ್ಮಲ್ಲಿ ಐದು ಬೇಕಾಯಿತು. ಆ ಮೌನದಲ್ಲಿ ಮಕ್ಕಳು ಚಡಪಡಿಸದಂತೆ ಏನು ಮಾಡುತ್ತೇನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಸಮೀಕರಣಗಳಿಗೆ ಕೈಗಳನ್ನೂ ಹಚ್ಚಿದೆ. 3x + 5 = x + 11 ಎಂಬಲ್ಲಿ ಒಂದೊಂದು ಬದಿಗೆ ಒಂದೊಂದು ಕೈ; ಐದನ್ನು ಕಳೆಯುವಾಗ ಎರಡೂ ಕೈ ಒಟ್ಟಿಗೆ ಇಳಿಯಬೇಕು. ತರಗತಿಗೆ ಮುಖಮಾಡಿ ನಿಂತವರು ಎಡಬದಿಯ ಪದಗಳಿಗೆ ತಮ್ಮ ಬಲಗೈಯನ್ನೇ ಬಳಸಬೇಕು, ಇಲ್ಲದಿದ್ದರೆ ಮಕ್ಕಳ ಕಣ್ಣಿಗೆ ಎಲ್ಲವೂ ತಿರುಗುಮುರುಗಾಗುತ್ತದೆ. ನಲವತ್ತೈದರಷ್ಟು ಮಕ್ಕಳಲ್ಲಿ ಮೊದಲು ಹತ್ತಕ್ಕಿಂತ ಕಡಿಮೆ ಮಂದಿ ಇಂಥ ಲೆಕ್ಕ ಬಿಡಿಸುತ್ತಿದ್ದರು, ಈಗ ಮೂವತ್ತರ ಹತ್ತಿರ ಮಂದಿ ಬಿಡಿಸುತ್ತಾರೆ.

ಕುಳಿತು ಕಲಿಸೋಣವೆಂದು ಕೊಂಡ ಒಂಬೈನೂರು ರೂಪಾಯಿಯ ಸ್ಟೂಲು ವ್ಯರ್ಥವಾಯಿತು. ಹಿಂದಿನವರಿಗೆ ಕೈಗಳು ಕಾಣಲಿಲ್ಲ. ಕನ್ನಡ ಮೇಡಂ ಗಟ್ಟಿ ಓದಿನ ಅವಧಿಯಲ್ಲಿ ನನ್ನಂತೆಯೇ ನಿಂತು ನೋಡಿದರು, ಅದು ಕೂಡಿಬರಲಿಲ್ಲ. ತಡವರಿಸಿ ಓದುವ ಮಗುವಿಗೆ ತಲೆಯಾಡಿಸುವ ಗುರು ಬೇಕು. ನಾನು ತಡೆಹಿಡಿಯುವುದು ಪ್ರಶ್ನೆಗೂ ಉತ್ತರದ ಕೊನೆಗೂ ನಡುವೆ ಮಾತ್ರ. ಆಮೇಲೆ ಉತ್ತರ ಸರಿಯಿರಲಿ ತಪ್ಪಿರಲಿ, ಒಂದೇ ದನಿಯಲ್ಲಿ “ಹೇಗೆ ಬಂತು, ಹೇಳು” ಎನ್ನುತ್ತೇನೆ.