ಐಐಎಂ ಇಂಟರ್ವ್ಯೂ: ಅರ್ಜಿ ಹಿಡಿದು ತಯಾರಾದ ನನ್ನ ಅನುಭವ

ಎಂಬಿಎ ಓದಿಸುವ ಐಐಎಂಗಳಿಂದ ಕಾಲ್ (ಇಂಟರ್ವ್ಯೂ ಕರೆ) ಬಂದವರಿಗೆ ಪಿಐ (ಪರ್ಸನಲ್ ಇಂಟರ್ವ್ಯೂ) ಏನು, ವ್ಯಾಟ್ (ಕೊಟ್ಟ ವಿಷಯದ ಮೇಲೆ ಅಲ್ಲೇ ಬರೆಯುವ ಸಣ್ಣ ಪ್ರಬಂಧ) ಏನು ಅಂತ ಹೇಳಬೇಕಾಗಿಲ್ಲ. ಮೊದಲ ವರ್ಷ ನನಗೆ ಮೂರ್ನಾಲ್ಕು ಕಾಲ್ ಇದ್ದವು, ಒಂದೂ ಕನ್ವರ್ಟ್ ಆಗಲಿಲ್ಲ, ಅಂದರೆ ಎಲ್ಲೂ ಸೀಟು ಸಿಗಲಿಲ್ಲ. ಕೋಚಿಂಗ್ ಪ್ಯಾಕೇಜಿಗೆ ಹೆಚ್ಚುಕಡಿಮೆ ಹತ್ತು ಸಾವಿರ ಹೋಗಿತ್ತು. ಬ್ಲೇಜರ್, ರೈಲು, ಲಾಡ್ಜ್ ಅಂತ ಇನ್ನೊಂದು ಹದಿನೈದು. ಕೋಚಿಂಗ್‌ನಲ್ಲಿ ಕೊಟ್ಟ ಉತ್ತರಗಳೆಲ್ಲ ಬಾಯಿಪಾಠವಾಗಿದ್ದವು. ಪ್ಯಾನೆಲ್‌ನವರು ಎರಡನೇ ವಾಕ್ಯಕ್ಕೇ ತಡೆದು ಬೇರೆ ಕಡೆ ಎಳೆದುಕೊಂಡು ಹೋದರು.

ಮರುವರ್ಷ ಪ್ಯಾಕೇಜ್ ಬೇಡ ಅಂದೆ. 'ಹುಚ್ಚಾ ನಿಂಗೆ?' ಅಂದರು ಗೆಳೆಯರು. ನಾನು ಹಿಡಿದದ್ದು ನನ್ನ ಅರ್ಜಿಯನ್ನೇ. ಪ್ರಿಂಟ್ ತೆಗೆದು, ಪ್ರಶ್ನೆ ಹುಟ್ಟಬಹುದಾದ ಪ್ರತಿ ಪದಕ್ಕೂ ಗೆರೆ ಎಳೆದೆ. ಒಂದೊಂದಕ್ಕೂ ಯಾಕೆ, ಹೇಗೆ, ಎಷ್ಟು ಅಂತ ಕೇಳುತ್ತಾ ಹೋದೆ.

ನಾನು ವಾಲ್ವ್ ಫ್ಯಾಕ್ಟರಿಯಲ್ಲಿ ಪ್ರೊಡಕ್ಷನ್ ಇಂಜಿನಿಯರ್. 'ಮೆಷಿನ್ ಸೆಟಪ್ ಟೈಮ್ ಇಳಿಸಿದೆ' ಅಂತ ಅರ್ಜಿಯಲ್ಲಿತ್ತು, ಅಂದರೆ ಬೇರೆ ಬಗೆಯ ಪೀಸ್‌ಗೆ ಮೆಷಿನ್ ಹೊಂದಿಸುವ ಸಮಯ. ಎಷ್ಟಕ್ಕೆ? ಸುಮಾರು 50 ನಿಮಿಷದಿಂದ 20ಕ್ಕೆ. ಹಾಗಾದರೆ ಪೀಸ್ ಜಾಸ್ತಿ ಬಂತಾ? ಆರ್ಡರೇ ಹೆಚ್ಚಿರಲಿಲ್ಲ. ಮತ್ತೆ ಕಂಪನಿಗೆ ಸಿಕ್ಕಿದ್ದೇನು? ಇಲ್ಲಿ ನಿಂತುಬಿಟ್ಟೆ. ಅಕೌಂಟ್ಸ್‌ನವರ ಜೊತೆ ಒಂದು ಸಂಜೆ ಕೂತ ಮೇಲೆ ಉತ್ತರ ಸಿಕ್ಕಿತು. ಸೆಟಪ್ ಬೇಗ ಆದರೆ ಸಣ್ಣ ಬ್ಯಾಚ್ ಓಡಿಸಬಹುದು. ಸಣ್ಣ ಬ್ಯಾಚ್ ಅಂದರೆ ಗೋಡೌನ್‌ನಲ್ಲಿ ಕೂತ ಮಾಲು ಕಡಿಮೆ, ಅದರಲ್ಲಿ ಸಿಕ್ಕಿಕೊಂಡ ದುಡ್ಡೂ ಕಡಿಮೆ. ಪ್ಯಾನೆಲ್‌ನಲ್ಲಿ ಇದೇ ಸಾಲಿನ ಮೇಲೆ ಹತ್ತು ನಿಮಿಷ ಮಾತು ನಡೆಯಿತು. ಒಬ್ಬ ಪ್ರೊಫೆಸರ್ ಪೆನ್ನು ಕೆಳಗಿಟ್ಟು ಕೇಳಿದರು. ಆ ಖುಷಿ ಈಗಲೂ ಇದೆ.

ಮಾಕ್ (ಅಭ್ಯಾಸದ) ಇಂಟರ್ವ್ಯೂಗೆ ಸೋದರಮಾವನನ್ನು ಕೂರಿಸಿದೆ. ಅವರದು ಹಾರ್ಡ್‌ವೇರ್ ಅಂಗಡಿ, ಎಂಬಿಎ ಗಂಧ ಇಲ್ಲ. 'ಅದ್ರಿಂದ ಯಾರಿಗೆ ಏನು ಉಳೀತು, ಮೊದ್ಲು ಅದು ಹೇಳಪ್ಪ' ಅನ್ನುತ್ತಿದ್ದರು. ಅವರಿಗೆ ಕನ್ನಡದಲ್ಲಿ ಅರ್ಥವಾಗುವ ತನಕ ಹೇಳಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ದೊಡ್ಡ ದೊಡ್ಡ ಪದಗಳು ತಾವಾಗೇ ಉದುರಿಹೋದವು.

ಕನ್ನಡಿ ಮುಂದೆ ಮಾತಾಡಿ ನೋಡಿದೆ, ಏನೂ ಪ್ರಯೋಜನವಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳುವುದು ಮಾತ್ರ ಪಕ್ಕಾ ಕೆಲಸ ಮಾಡಿತು. ಉತ್ತರ ಒಂದು ನಿಮಿಷ ದಾಟಿದರೆ ನನಗೇ ಬೇಜಾರಾಗುತ್ತಿತ್ತು.

ಬಜೆಟ್ ಬರುವುದು ಫೆಬ್ರುವರಿ 1ಕ್ಕೆ, ಇಂಟರ್ವ್ಯೂಗಳೂ ಹೆಚ್ಚಾಗಿ ಅದರ ಹಿಂದೆ-ಮುಂದೆಯೇ. ಪೂರ್ತಿ ಓದಲು ಹೋಗಲಿಲ್ಲ. ವಿತ್ತೀಯ ಕೊರತೆ, ಬಂಡವಾಳ ವೆಚ್ಚ, ಜಲ ಜೀವನ್ ಮಿಷನ್, ಇಷ್ಟೇ ಹಿಡಿದೆ. ಮನೆಮನೆಗೆ ನಲ್ಲಿ ಅಂದರೆ ಪೈಪು, ಪೈಪು ಅಂದರೆ ವಾಲ್ವ್. ಅಲ್ಲಿಂದ ನನ್ನ ಕೆಲಸಕ್ಕೆ ದಾರಿ ಸಲೀಸು, ಅಲ್ವಾ? ಕಾಲೇಜಿನ ಪಾಠಗಳಲ್ಲಿ ಥರ್ಮೋಡೈನಮಿಕ್ಸ್ ಒಂದನ್ನೇ ಗಟ್ಟಿ ಮಾಡಿದೆ. ಉಳಿದದ್ದಕ್ಕೆ 'ಗೊತ್ತಿಲ್ಲ ಸರ್' ಅಂದೆ, ಯಾರೂ ಮುಖ ಸಿಂಡರಿಸಲಿಲ್ಲ.

ಈ ಸಲ ಎರಡು ಕನ್ವರ್ಟ್ ಆದವು. ತಯಾರಿಗೆ ಆದ ಖರ್ಚು ಪ್ರಿಂಟೌಟ್ ಸೇರಿ ಐನೂರೂ ದಾಟಿಲ್ಲ. ನಿಮ್ಮ ಬಗ್ಗೆ ಹೇಳಿ ಅಂದಾಗ ಪ್ಯಾನೆಲ್ ನಮ್ಮ ಗಟ್ಟಿ ವಿಷಯಕ್ಕೇ ಬರುವಂತೆ ಒಂದು ಮಾತನ್ನು ಅರ್ಧಕ್ಕೆ ಬಿಡುವ ಉಪಾಯವೂ ಇದೆ. ಅದನ್ನು ಸದ್ಯಕ್ಕೆ ಹೇಳಲ್ಲ. ನನ್ನ ತಮ್ಮ ಈ ವರ್ಷ ಕ್ಯಾಟ್ (ಐಐಎಂ ಪ್ರವೇಶ ಪರೀಕ್ಷೆ) ಬರೆಯುತ್ತಿದ್ದಾನೆ.